ದೇವದಾರು ಕಾಡಿನ ಜೇಡಗಳ ಸಮೀಕ್ಷೆಗೆ ಪಿಟ್‌ಫಾಲ್ ಒಂದೇ ಸಾಕಾ?

ಸಾಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಡೆಹ್ರಾಡೂನಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಚಕ್ರಾತಾ ಕಡೆಯ ದೇವದಾರು ಕಾಡಿನ ಜೇಡಗಳನ್ನು ತೆಗೆದುಕೊಂಡಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆ. ನಮ್ಮ ಮಲೆನಾಡಿನಲ್ಲಾದರೆ ಗಿಡಬಳ್ಳಿಯಲ್ಲೆಲ್ಲ ಬಲೆ ಕಾಣುತ್ತದೆ. ಇಲ್ಲಿ ಮರದಡಿ ಒಣಗಿದ ಸೂಜಿಯೆಲೆ ಬಿಟ್ಟರೆ ಏನೂ ಇಲ್ಲ ಅನ್ನಿಸುತ್ತಿದೆ. ನೆಲದಲ್ಲಿ ಲೋಟ ಹೂತು ಪಿಟ್‌ಫಾಲ್ ಇಟ್ಟರೆ ಸಾಕಲ್ವಾ?

ಎಂಟು ಕಾಲು:
ಸಾಕಾಗಲ್ಲ ತಂಗಿ. ಲೋಟಕ್ಕೆ ಬೀಳುವುದು ನೆಲದ ಮೇಲೆ ಓಡಾಡುವ ಜೇಡ ಮಾತ್ರ. ಬಲೆ ಕಟ್ಟಿ ಕೂತಿರುವುದು ಯಾಕೆ ಬಂದು ಬೀಳುತ್ತದೆ ಹೇಳಿ? ಬರೀ ಲೋಟ ನಂಬಿದರೆ ಅರ್ಧ ಕಾಡು ಲೆಕ್ಕಕ್ಕೇ ಬರುವುದಿಲ್ಲ.

ಸೂಜಿಯೆಲೆಯ ಹಾಸನ್ನು ಖಾಲಿ ಅಂದುಕೊಳ್ಳಬೇಡಿ. ಒಂದಷ್ಟು ಬಾಚಿ, ಜರಡಿ ಹಿಡಿದು, ಬಿಳಿ ಬಟ್ಟೆ ಮೇಲೆ ಉದುರಿಸಿ. ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಕೂತಿರಿ. ಕಸ ಅಂದುಕೊಂಡ ಚುಕ್ಕೆಗಳು ನಡೆಯಲು ಶುರು ಮಾಡುತ್ತವೆ. ಎರಡು ಮಿಲಿಮೀಟರ್ ದಾಟದ ಲಿನಿಫಿಡೇ ಕುಟುಂಬದ ಜೇಡಗಳು ಸಿಗುವುದು ಹೀಗೇ. ತೊಗಟೆಯ ಸೀಳುಗಳನ್ನೂ ಬಿಡಬೇಡಿ. ಎಳೆಯ ಮರಗಳ ಕೊಂಬೆ ಕೈಗೆ ಎಟುಕುತ್ತದೆ, ಕೆಳಗೆ ಕೊಡೆ ತಲೆಕೆಳಗಾಗಿ ಹಿಡಿದು ಕೋಲಿನಿಂದ ಬಡಿಯಿರಿ. ದೊಡ್ಡ ಮರಗಳ ತುದಿ ನಮಗೆ ಎಟುಕುವುದಿಲ್ಲ, ಅದನ್ನು ವರದಿಯಲ್ಲಿ ಬರೆದುಬಿಡಿ.

ರಾತ್ರಿ ಹೋಗಲೇಬೇಕು, ಜೊತೆಗೆ ಊರಿನವರೊಬ್ಬರು ಇರಲಿ. ಹಣೆಗೆ ಟಾರ್ಚ್ ಕಟ್ಟಿಕೊಂಡರೆ ತೋಳ ಜೇಡದ ಕಣ್ಣು ಹಸಿರು ಚುಕ್ಕೆಯಂತೆ ಹೊಳೆಯುತ್ತದೆ.

ಎಲ್ಲದಕ್ಕೂ ಸಮಯ ಕಟ್ಟಿಕೊಳ್ಳಿ: ಒಬ್ಬರ ಒಂದು ಗಂಟೆ ಹುಡುಕಾಟ ಒಂದು ಮಾದರಿ. ಇಲ್ಲದಿದ್ದರೆ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಆಗುವುದಿಲ್ಲ.

ಬೆಟ್ಟದ ದಾರಿ:
ಲೋಟಕ್ಕೆ ಮಾಡು ಇರಲಿ. ಪ್ಲಾಸ್ಟಿಕ್ ತಟ್ಟೆಯನ್ನು ಮೂರು ಮೊಳೆ ಮೇಲೆ ನಿಲ್ಲಿಸಿದರೆ ಮಳೆನೀರು ತುಂಬುವುದಿಲ್ಲ. ಲಂಗೂರ್, ದನ ಕಿತ್ತುಹಾಕುತ್ತವೆ, ಒಂದೆರಡು ಜಾಸ್ತಿಯೇ ಇಡಿ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಆಲ್ಕೋಹಾಲಿನಲ್ಲಿ ಪೆನ್ನಿನ ಶಾಯಿ ಕರಗಿಹೋದರೆ ಆ ಜೇಡ ಎಲ್ಲಿಯದೆಂದು ಗೊತ್ತಾಗುವುದೇ ಇಲ್ಲ.

ಸಾಗರದ ಹುಡುಗಿ:
ತುಂಬಾ ಥ್ಯಾಂಕ್ಸ್. ಮರಿಗಳೇ ಜಾಸ್ತಿ ಸಿಕ್ಕರೆ? ಮತ್ತೆ, ಹುಡುಕಿದ್ದು ಸಾಕು ಅಂತ ಗೊತ್ತಾಗುವುದು ಹೇಗೆ?

ಎಂಟು ಕಾಲು:
ಮರಿಗಳನ್ನು ಕುಟುಂಬದ ಮಟ್ಟಕ್ಕೆ ನಿಲ್ಲಿಸಿ, ಹೆಚ್ಚೆಂದರೆ ಕುಲ. ಜಾತಿ ಹೇಳಲು ಬೆಳೆದ ಹೆಣ್ಣಿನ ಎಪಿಗೈನ್ (ಹೊಟ್ಟೆಯಡಿಯ ಜನನಾಂಗದ ಫಲಕ), ಗಂಡಿನ ಪಾಲ್ಪ್ (ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಅಂಗ) ಬೇಕು. ಲೆನ್ಸಿನಲ್ಲಿ ನೋಡಿ: ಪಾಲ್ಪಿನ ತುದಿ ಉಬ್ಬಿದ್ದು ನುಣುಪಾಗಿದ್ದರೆ ಅದು ಇನ್ನೊಮ್ಮೆ ಪೊರೆ ಬಿಡಬೇಕು. ಕೊಕ್ಕೆ, ಮಡಿಕೆ ಕಂಡರೆ ಬೆಳೆದ ಗಂಡು. ಎಲ್ಲ ಜಾತಿಯೂ ಒಂದೇ ಕಾಲಕ್ಕೆ ಬೆಳೆದಿರುವುದಿಲ್ಲ. ಹಾಗಾಗಿ ಮುಂಗಾರಿಗೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಹೋಗಿ.

ಎರಡನೆಯದಕ್ಕೆ, ಒಂದೇ ಒಂದು ಸಿಕ್ಕ ಜಾತಿಗಳೆಷ್ಟು, ಎರಡು ಸಿಕ್ಕವೆಷ್ಟು ಅಂತ ಬರೆದಿಡಿ. ಕಣ್ಣಿಗೆ ಬೀಳದ ಜಾತಿಗಳೂ ಸೇರಿ ಒಟ್ಟು ಎಷ್ಟಿರಬಹುದು ಅಂತ ಲೆಕ್ಕ ಹಾಕುವ ಚಾವೋ 1 ಅಂದಾಜು ನಿಂತಿರುವುದೇ ಆ ಎರಡು ಸಂಖ್ಯೆಗಳ ಮೇಲೆ. ಒಂಟಿಗಳು ಇನ್ನೂ ಸಿಗುತ್ತಲೇ ಇದ್ದರೆ ಜಾತಿಗಳು ಇನ್ನೂ ಉಳಿದಿವೆ ಅಂತ ಅರ್ಥ.