ಅಪ್‌ಡೇಟ್: ಸಹಿ ಹಾಕಲು ಒಲ್ಲದವರ ಒಪ್ಪಿಗೆ

ಪ್ರದೇಶ ಅಧ್ಯಯನದ ಕ್ಷೇತ್ರಕಾರ್ಯದಲ್ಲಿ, ಮಾತನಾಡಲು ಸಿದ್ಧರಿದ್ದರೂ ಕಾಗದ ಕಂಡೊಡನೆ ಹಿಂಜರಿಯುವವರ ಒಪ್ಪಿಗೆ ಪಡೆಯುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ ಮೌಖಿಕ ಒಪ್ಪಿಗೆಗೆ ಅಸ್ತು ಎಂದಿದೆ.

ಮನುಷ್ಯರನ್ನೊಳಗೊಂಡ ಸಂಶೋಧನೆಯ ನೀತಿ ಕುರಿತ ಅಮೆರಿಕದ 1979ರ ಬೆಲ್ಮಾಂಟ್ ವರದಿಯ ಮೂರು ತತ್ವಗಳಲ್ಲಿ (ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ) ಮೊದಲ ಎರಡನ್ನು ಹಿಡಿದು ನಾನು ಸಮಿತಿಯ ಮುಂದೆ ವಾದಿಸಿದ್ದೆ. ಮಾಹಿತಿದಾರರನ್ನು ಸಂಶೋಧನೆಯೊಂದಿಗೆ ಜೋಡಿಸುವ ಏಕೈಕ ದಾಖಲೆ ಆ ಸಹಿಯೇ ಆಗಿದ್ದರೆ, ಅದು ಕಾಪಾಡುವುದು ಸಂಸ್ಥೆಯನ್ನು, ಅವರನ್ನಲ್ಲ.

ಈಗ ಉದ್ದೇಶ, ಧ್ವನಿಮುದ್ರಣ, ನಡುವೆಯೇ ಹಿಂದೆ ಸರಿಯುವ ಹಕ್ಕು ಎಲ್ಲವನ್ನೂ ಬಾಯಿಮಾತಿನಲ್ಲಿ ವಿವರಿಸಿ, ದಿನಾಂಕದೊಂದಿಗೆ ಟಿಪ್ಪಣಿ ಮಾಡಿಕೊಳ್ಳುತ್ತೇನೆ. ಟಿಪ್ಪಣಿಪುಸ್ತಕದಲ್ಲಿ ಸಂಕೇತಸಂಖ್ಯೆ ಮಾತ್ರ. ಹೆಸರುಗಳ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿದ ಕಡತದಲ್ಲಿ. ಹೆಸರು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಒಬ್ಬರು ಎಚ್ಚರಿಸಿದ್ದು ನಿಜ. ‘ಊರಿನ ಏಕೈಕ ಸೂಲಗಿತ್ತಿ’ ಎಂದು ಬರೆದರೆ ಅದು ಯಾರೆಂದು ಊರಿಗೆಲ್ಲ ತಿಳಿಯುತ್ತದೆ! ಅಂಥ ವಿವರಗಳನ್ನು ಈಗ ಮಸುಕಾಗಿಸುತ್ತಿದ್ದೇನೆ. ದುಭಾಷಿಯೂ ಗೋಪ್ಯತೆಯ ಕರಾರಿಗೆ ಒಪ್ಪಿದ್ದಾರೆ.

ಬಗೆಹರಿಯದೆ ಉಳಿದಿರುವುದು ಗುಂಪು ಚರ್ಚೆ. ಅಲ್ಲಿ ಕೂತವರು ಪರಸ್ಪರರ ಮಾತನ್ನು ಹೊರಗೆ ಹೇಳುವುದಿಲ್ಲ ಎಂದು ನಾನು ಭರವಸೆ ಕೊಡುವಂತಿಲ್ಲ. ಸೂಕ್ಷ್ಮ ಪ್ರಶ್ನೆಗಳನ್ನು ಸದ್ಯಕ್ಕೆ ಒಬ್ಬೊಬ್ಬರ ಸಂದರ್ಶನಕ್ಕೇ ಮೀಸಲಿಟ್ಟಿದ್ದೇನೆ. ಬೇರೆ ದಾರಿ ಬಲ್ಲವರಿದ್ದರೆ ತಿಳಿಸಿ.