ಉಬುಂಟು 24.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಪೈಥಾನ್ ಸ್ಕ್ರಿಪ್ಟ್ ಓಡುತ್ತಿಲ್ಲ, ಪಿಪ್ ಕೂಡ ಕೆಲಸ ಮಾಡುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಎಕ್ಸೆಲ್ ಫೈಲಿನಿಂದ ಓದಿ ಲೇಖಕರ ಹೆಸರಿನಂತೆ ಜೋಡಿಸುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಕಳೆದ ವಾರ ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ, ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಕೆಲಸಕ್ಕೆಂದೇ ಪೈಥಾನ್ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್) ಆಕ್ಟಿವೇಟ್ ಮಾಡಿ ಸ್ಕ್ರಿಪ್ಟ್ ಓಡಿಸಿದರೆ ಪಟ್ಟಿಗಳನ್ನು ಓದಿ ಜೋಡಿಸುವ ‘ಪಾಂಡಾಸ್’ ಎಂಬ ಮಾಡ್ಯೂಲ್ ಇಲ್ಲ ಎಂಬ ಎರರ್ ಬರುತ್ತಿದೆ. ಅಲ್ಲಿಯೇ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಸಲಕರಣೆ) ಓಡಿಸಿದರೆ ಪಿಪ್ ಎಂಬ ಮಾಡ್ಯೂಲೇ ಇಲ್ಲ ಎನ್ನುತ್ತದೆ. ಎನ್ವಿರಾನ್‌ಮೆಂಟಿನಿಂದ ಹೊರಬಂದು ಸಿಸ್ಟಮ್‌ನ ಪಿಪ್ ಬಳಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ತಡೆಯುತ್ತದೆ. ಫೋಲ್ಡರ್ ತೆರೆದು ನೋಡಿದರೆ ಪಾಂಡಾಸ್‌ನ ಫೈಲುಗಳೆಲ್ಲ ಇದ್ದಲ್ಲೇ ಇವೆ. ದಯವಿಟ್ಟು ಕಾರಣ ತಿಳಿಸಿ.

ಉತ್ತರ 1

ಪಿಪ್‌ಗೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಪ್ಷನ್ ಕೊಟ್ಟರೆ ಆ ತಡೆ ಇರುವುದಿಲ್ಲ. ನಾನು ಹಾಗೆಯೇ ಮಾಡಿಕೊಂಡೆ.

ಉತ್ತರ 2

ಮೇಲಿನ ಸಲಹೆಯನ್ನು ಪಾಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಉಬುಂಟುವಿನ ಅಪ್‌ಡೇಟ್ ಮ್ಯಾನೇಜರ್ ಮುಂತಾದ ಸಲಕರಣೆಗಳನ್ನು ಪೈಥಾನ್‌ನಲ್ಲೇ ಬರೆದಿರುವುದರಿಂದ, ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್ ನೋಡಿಕೊಳ್ಳುವ ಲೈಬ್ರರಿಗಳ ನಡುವೆ ಪಿಪ್ ತನ್ನ ಆವೃತ್ತಿಗಳನ್ನು ತಂದಿಟ್ಟರೆ ಆ ಸಲಕರಣೆಗಳು ಕೆಡಬಹುದು. ‘ಪೆಪ್ 668’ ಎಂಬ ಪೈಥಾನ್ ನಿಯಮಾವಳಿಯ ಪ್ರಕಾರ ಈ ತಡೆಯನ್ನು ಹಾಕಿರುವುದೇ ಅದಕ್ಕಾಗಿ, ಉಬುಂಟುವಿಗೆ ಮೂಲವಾದ ಡೆಬಿಯನ್‌ನ 12ನೇ ಆವೃತ್ತಿಯಲ್ಲೂ ಇದು ಇದೆ.

ನಿಮ್ಮ ಮೂಲ ಸಮಸ್ಯೆ ಬೇರೆ. ಎನ್ವಿರಾನ್‌ಮೆಂಟಿನ ‘ಬಿನ್’ ಫೋಲ್ಡರಿನಲ್ಲಿರುವ ಪೈಥಾನ್ ನಿಜವಾದ ಪ್ರೋಗ್ರಾಂ ಅಲ್ಲ, ಸಿಸ್ಟಮ್‌ನ ಪೈಥಾನ್‌ಗೆ ಕೊಟ್ಟಿರುವ ಒಂದು ಕೊಂಡಿ ಅಷ್ಟೇ. 22.04ರಲ್ಲಿ ಆ ಕೊಂಡಿಯ ತುದಿಯಲ್ಲಿ ಪೈಥಾನ್ 3.10 ಇತ್ತು, ಈಗ 3.12 ಇದೆ. ಅದು ‘ಲಿಬ್’ ಫೋಲ್ಡರಿನೊಳಗೆ 3.12ರ ಹೆಸರಿನ ಫೋಲ್ಡರನ್ನು ಹುಡುಕುತ್ತದೆ. ನಿಮ್ಮ ಫೈಲುಗಳೆಲ್ಲ ಪಕ್ಕದ 3.10ರ ಫೋಲ್ಡರಿನಲ್ಲಿ ಉಳಿದಿವೆ. ಅವನ್ನು ನಕಲು ಮಾಡಿ ಹಾಕಬೇಡಿ, ಏಕೆಂದರೆ ಪಾಂಡಾಸ್‌ನ ಕಂಪೈಲ್ ಆದ ಭಾಗಗಳು 3.10ಕ್ಕಷ್ಟೇ ಹೊಂದುತ್ತವೆ.

ಹಳೆಯ ಎನ್ವಿರಾನ್‌ಮೆಂಟಿಗೆ ಬೇರೆ ಹೆಸರಿಟ್ಟು ಪಕ್ಕಕ್ಕಿಡಿ. ಅದರ ‘ಸೈಟ್ ಪ್ಯಾಕೇಜಸ್’ ಒಳಗೆ ‘ಡಿಸ್ಟ್ ಇನ್ಫೋ’ ಎಂದು ಕೊನೆಗೊಳ್ಳುವ ಫೋಲ್ಡರುಗಳ ಹೆಸರಿನಲ್ಲೇ ಪ್ಯಾಕೇಜ್ ಮತ್ತು ಆವೃತ್ತಿ ಎರಡೂ ಸಿಗುತ್ತವೆ, ಬರೆದುಕೊಳ್ಳಿ. ಆಪ್ಟ್‌ನಿಂದ ‘ಪೈಥಾನ್3-ವೆನ್ವ್’ ಹಾಕಿಕೊಂಡು ಹೊಸ ಎನ್ವಿರಾನ್‌ಮೆಂಟ್ ರಚಿಸಿ, ಅದರೊಳಗಿನ ಪಿಪ್‌ನಿಂದಲೇ ಇನ್‌ಸ್ಟಾಲ್ ಮಾಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಹೊಸ ಎನ್ವಿರಾನ್‌ಮೆಂಟ್ ಸಿದ್ಧವಾಗಿದೆ. ಆದರೆ ಬರೆದುಕೊಂಡ ಆವೃತ್ತಿಗಳನ್ನೇ ಕೊಟ್ಟಾಗ ಪಾಂಡಾಸ್‌ಗೆ ಬೇಕಾದ ಲೈಬ್ರರಿ ನಂಪೈ 1.21 ಬಿಲ್ಡ್ ಆಗದೆ ನಿಲ್ಲುತ್ತಿದೆ.

ಉತ್ತರ 2

ಪೈಥಾನ್ 3.12ಕ್ಕೆ ಬೆಂಬಲ ಬಂದದ್ದು ನಂಪೈ 1.26ರಿಂದ. 3.12ರಲ್ಲಿ, ಪ್ಯಾಕೇಜುಗಳನ್ನು ಬಿಲ್ಡ್ ಮಾಡಲು ಬಳಸುತ್ತಿದ್ದ ‘ಡಿಸ್ಟ್‌ಯುಟಿಲ್ಸ್’ ಅನ್ನು ತೆಗೆದುಹಾಕಿರುವುದರಿಂದ ಹಳೆಯವು ಬಿಲ್ಡ್ ಕೂಡ ಆಗುವುದಿಲ್ಲ. ಆವೃತ್ತಿಯ ಸಂಖ್ಯೆಗಳನ್ನು ಬಿಟ್ಟು ಬರೀ ಹೆಸರುಗಳನ್ನು ಕೊಡಿ.

ಪ್ರಶ್ನೆ ಕೇಳಿದವರು

ಪಾಂಡಾಸ್ ಮತ್ತು ಎಕ್ಸೆಲ್ ಫೈಲು ಓದುವ ಓಪನ್‌ಪೈಎಕ್ಸೆಲ್ ಎಂಬ ಎರಡೇ ಹೆಸರುಗಳನ್ನು ಕೊಟ್ಟೆ; ನಂಪೈ ತಾನಾಗಿಯೇ ಬಂತು. ಸ್ಕ್ರಿಪ್ಟ್ ಓಡಿತು. ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ, ಪುಸ್ತಕಗಳ ಕ್ರಮ ಒಂದೂ ಬದಲಾಗಿಲ್ಲ.