ಕೊಲೆ, ದೆವ್ವ, ನೊಂದ ಪತ್ತೇದಾರ: ಯಾವ ಸೀರೀಸ್ ನೋಡಲಿ?

ಪ್ರಶ್ನೆ: ಕೊಲೆಯ ಹಿಂದೆ ದೆವ್ವವೋ ಇನ್ನೇನೋ ಇರಬಹುದು ಅನ್ನಿಸುವ ಕ್ರೈಂ ಸೀರೀಸ್ ನನಗೆ ತುಂಬಾ ಇಷ್ಟ. ಪತ್ತೇದಾರನೂ ಒಳಗೊಳಗೇ ಬೇಯುತ್ತಿರಬೇಕು. ಆದರೆ ಎಷ್ಟೋ ಕಡೆ ಕೊನೆಗೆ ಎಲ್ಲವನ್ನೂ ದೆವ್ವದ ತಲೆಗೆ ಕಟ್ಟಿ ಮುಗಿಸಿಬಿಡುತ್ತಾರೆ. ಹಾಗೆ ಮಾಡದ ಸೀರೀಸ್ ಯಾವುದಿದೆ? ನೋಡಿದವರು ಹೇಳಿ. ಕೊಲೆಗಾರ ಯಾರು ಅಂತ ಮಾತ್ರ ಬೇಡ.

ಉತ್ತರ: ‘ಟ್ವಿನ್ ಪೀಕ್ಸ್’ನಿಂದ ಶುರು ಮಾಡಿ. 1990ರಲ್ಲಿ ಅಮೆರಿಕದ ಎಬಿಸಿಯಲ್ಲಿ ಬಂದದ್ದು. ಡೇವಿಡ್ ಲಿಂಚ್, ಮಾರ್ಕ್ ಫ್ರಾಸ್ಟ್ ಸೇರಿ ಮಾಡಿದ್ದು. ವಾಷಿಂಗ್ಟನ್ ರಾಜ್ಯದ ಕಾಡಿನ ನಡುವೆ ಒಂದು ಊರು. ಲಾರಾ ಪಾಮರ್ ಎಂಬ ಹೈಸ್ಕೂಲ್ ಹುಡುಗಿಯ ಹೆಣ ಪ್ಲಾಸ್ಟಿಕ್ ಸುತ್ತಿ ದಡದಲ್ಲಿ ಬಿದ್ದಿರುತ್ತದೆ. ತನಿಖೆಗೆ ಎಫ್‌ಬಿಐನ ಡೇಲ್ ಕೂಪರ್ ಬರುತ್ತಾನೆ. ಒಂದು ಕಪ್ ಒಳ್ಳೆ ಕಾಫಿ ಸಿಕ್ಕರೆ ಮುಖ ಅರಳುವ ಮನುಷ್ಯ. ಅವನ ಗಾಯ ತಡವಾಗಿ ಗೊತ್ತಾಗುತ್ತದೆ: ಅವನು ಪ್ರೀತಿಸಿದ, ಅವನೇ ಕಾಯಬೇಕಿದ್ದ ಹೆಂಗಸು ಹಿಂದೆ ಕೊಲೆಯಾಗಿರುತ್ತಾಳೆ.

ಇಲ್ಲಿನ ದುಷ್ಟಶಕ್ತಿಯ ಹೆಸರು ಬಾಬ್. ಆ ಪಾತ್ರ ಮಾಡಿದ ಫ್ರಾಂಕ್ ಸಿಲ್ವಾ ಸೆಟ್ ಅಲಂಕಾರದ ಕೆಲಸದಲ್ಲಿದ್ದವರು. ಒಂದು ಶಾಟ್‌ನಲ್ಲಿ ಅವರ ಪ್ರತಿಬಿಂಬ ಅಕಸ್ಮಾತ್ ಕನ್ನಡಿಯಲ್ಲಿ ಬಿತ್ತು. ಲಿಂಚ್ ಅದನ್ನು ಹಾಗೇ ಉಳಿಸಿಕೊಂಡರು.

ನಿಮ್ಮ ಪ್ರಶ್ನೆಗೆ ಉತ್ತರ ಎರಡನೇ ಸೀಸನ್ನಿನಲ್ಲಿದೆ. ಕೊಲೆಗಾರ ಸಿಕ್ಕಿದ ಮೇಲೆ ಊರಿನ ಶೆರಿಫ್, ಇದೆಲ್ಲ ದೆವ್ವದ ಕೆಲಸ ಅಂತ ನಂಬಲು ಆಗುತ್ತಿಲ್ಲ ಅನ್ನುತ್ತಾನೆ. ಇಂಥದ್ದನ್ನು ಒಬ್ಬ ಮನುಷ್ಯನೇ ಮಾಡಿದ ಅಂತ ನಂಬಿದರೆ ನೆಮ್ಮದಿ ಸಿಗುತ್ತದಾ ಎಂದು ಕೂಪರ್ ತಿರುಗಿ ಕೇಳುತ್ತಾನೆ. ಮನುಷ್ಯರು ಮಾಡುವ ಕೆಡುಕೇ ಬಾಬ್ ಇರಬಹುದು, ಹೆಸರು ಯಾವುದಾದರೇನು ಅನ್ನುತ್ತಾನೆ ಜೊತೆಗಿದ್ದ ಎಫ್‌ಬಿಐ ಸಹೋದ್ಯೋಗಿ ಆಲ್ಬರ್ಟ್. ಮೈಮೇಲೆ ದೆವ್ವ ಬಂದಿತ್ತು ಅಂದ ಮಾತ್ರಕ್ಕೆ ಆ ಹುಡುಗಿ ಅನುಭವಿಸಿದ್ದು ಕಡಿಮೆಯಾಗುವುದಿಲ್ಲ ಅಲ್ವಾ? ಆ ದೃಶ್ಯ ನೋಡಿ ನಾನು ಟಿವಿ ಆಫ್ ಮಾಡಿ ತುಂಬಾ ಹೊತ್ತು ಕೂತಿದ್ದೆ.

ಅದರ ನಂತರ ಕೆಲವು ಎಪಿಸೋಡ್ ಜೊಳ್ಳು. ಬಿಡಬೇಡಿ, ಕೊನೆಯದನ್ನು ಲಿಂಚ್ ಅವರೇ ನಿರ್ದೇಶಿಸಿದ್ದಾರೆ. 2017ರಲ್ಲಿ ಬಂದ 18 ಭಾಗಗಳನ್ನು ಆಮೇಲೆ ನೋಡಿ.

ಉತ್ತರ: ‘ಮಿಲೆನಿಯಂ’ ಯಾರೂ ಹೇಳುವುದೇ ಇಲ್ಲ, ಬೇಜಾರು. 1996ರಿಂದ 1999ರವರೆಗೆ ಬಂತು. ‘ಎಕ್ಸ್ ಫೈಲ್ಸ್’ ಮಾಡಿದ ಕ್ರಿಸ್ ಕಾರ್ಟರ್ ಅವರದ್ದೇ. ಇಲ್ಲಿ ತನಿಖೆ ಮಾಡುವ ಫ್ರಾಂಕ್ ಬ್ಲ್ಯಾಕ್‌ಗೆ ಕೊಲೆಗಾರನ ಕಣ್ಣಿಗೆ ಬಿದ್ದದ್ದು ತನ್ನ ಕಣ್ಮುಂದೆಯೂ ಮಿಂಚಿ ಹೋಗುತ್ತದೆ. ಸಿಯಾಟಲ್‌ನಲ್ಲಿ ಹೆಂಡತಿ, ಪುಟ್ಟ ಮಗಳಿಗೆಂದು ಹಳದಿ ಮನೆ ಮಾಡುತ್ತಾನೆ. ಹೊರಗೆ ನೋಡಿದ್ದು ಆ ಮನೆಯೊಳಗೆ ಬರಬಾರದು ಎಂಬುದೇ ಅವನ ಒದ್ದಾಟ. ಮೊದಲ ಸೀಸನ್ನಿನಲ್ಲಿ ಕೊಲೆಗಾರರು ಬಹುಪಾಲು ಮನುಷ್ಯರೇ. ಅದೇ ನನಗೆ ಜಾಸ್ತಿ ಹಿಡಿಸಿತು.

ಉತ್ತರ: ‘ದಿ ಔಟ್‌ಸೈಡರ್’ (ಎಚ್‌ಬಿಒ, 2020, 10 ಭಾಗ) ಕೂಡ ಪಟ್ಟಿಗೆ ಸೇರಿಸಿ. ಒಬ್ಬ ಹುಡುಗನ ಕೊಲೆ. ಬೆರಳಚ್ಚು, ಸಾಕ್ಷಿ ಎಲ್ಲ ಒಬ್ಬನ ಕಡೆ ಬೊಟ್ಟು ಮಾಡುತ್ತವೆ. ಆದರೆ ಅದೇ ಹೊತ್ತಿಗೆ ಅವನು ಬೇರೆ ಊರಿನಲ್ಲಿದ್ದ ಅನ್ನಲು ವಿಡಿಯೊ ಇದೆ. ತನಿಖೆ ಮಾಡುವವನು ಮಗನನ್ನು ಕಳೆದುಕೊಂಡ ಅಪ್ಪ. ಒಂದು ಎಚ್ಚರಿಕೆ: ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಈಗಲೇ ನೋಡಬೇಡಿ. ನಮ್ಮ ಮನೆಯಲ್ಲಿ ಅರ್ಧಕ್ಕೇ ನಿಲ್ಲಿಸಿದೆವು. ಮರುವರ್ಷ ಮತ್ತೆ ಶುರು ಮಾಡಿದಾಗ ಅದೇ ಅಪ್ಪನ ಪಾತ್ರ ನಮಗೆ ಸಮಾಧಾನ ಕೊಟ್ಟಿತು.

ಉತ್ತರ: ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್, 2014. ಲೂಸಿಯಾನಾದ ಜೌಗು ನೆಲ, ಬರೀ 8 ಭಾಗ. ಮಗಳನ್ನು ಕಳೆದುಕೊಂಡ ಪತ್ತೇದಾರ ರಸ್ಟ್ ಕೋಲ್‌ಗೆ ಏನೇನೋ ಕಾಣಿಸುತ್ತದೆ. ಅದು ಹಳೆಯ ಡ್ರಗ್ಸ್‌ನಿಂದಲೋ, ಬೇರೇನಾದರೂ ಇದೆಯೋ ಎಂಬ ಅನುಮಾನ ಹೋಗುವುದಿಲ್ಲ. ಅವನ ಮಾತು ಗೊಣಗಾಟ, ಸಬ್‌ಟೈಟಲ್ ಹಾಕಿಕೊಳ್ಳಿ. ಪ್ರತಿ ಸೀಸನ್ನಿನದೂ ಬೇರೆ ಕಥೆ. ಹಾಗಾಗಿ ಇದು ಮುಗಿದ ಮೇಲೆ ನೇರ 2024ರ ನಾಲ್ಕನೆಯದಕ್ಕೆ ಹೋಗಬಹುದು. ಅಲಾಸ್ಕಾ, ಸೂರ್ಯನೇ ಹುಟ್ಟದ ಚಳಿಗಾಲ, ಇಬ್ಬರು ಹೆಂಗಸರ ತನಿಖೆ.